ಹಾವುಮೀನಿನ ಹುಳು ಕಲಿಸುವ ಪಾಠ

ಕರುವಿಗೆ ಹುಳುಬಾಧೆಯಾದರೆ ಎಷ್ಟು ಮೇಯಿಸಿದರೂ ಮೈ ಹಿಡಿಯುವುದಿಲ್ಲ. ಇದು ನಮ್ಮ ರೈತ ಕುಟುಂಬಗಳಿಗೆ ಹೊಸ ಮಾತಲ್ಲ. ಆದರೆ ಒಳಗೆ ಸೇರಿದ ಹುಳು ಆಹಾರವನ್ನೂ ರಕ್ತವನ್ನೂ ಕದಿಯುವುದಷ್ಟೇ ಅಲ್ಲದೆ, ಶರೀರದ ಒಳಾಡಳಿತವನ್ನೇ ಬದಲಿಸಬಲ್ಲದೇ? ಯುರೋಪಿನ ಒಂದು ವಲಸೆ ಮೀನಿನ ಕಥೆ ಇದಕ್ಕೆ ಉತ್ತರ ಕೊಡುತ್ತದೆ.

ದೂರ ಪ್ರಯಾಣದ ಮೀನು

ಯುರೋಪಿನ ಹಾವುಮೀನು ನದಿ, ಸರೋವರಗಳಲ್ಲಿ ಹಲವು ವರ್ಷ ಬೆಳೆಯುತ್ತದೆ. ಬಲಿತ ಮೇಲೆ ಮೈ ಬೆಳ್ಳಿಯ ಬಣ್ಣಕ್ಕೆ ತಿರುಗುತ್ತದೆ, ಕಣ್ಣು ದೊಡ್ಡದಾಗುತ್ತದೆ. ಆಗ ಅದು ಸಮುದ್ರಕ್ಕಿಳಿದು, ಮೊಟ್ಟೆಯಿಡಲು ಅಟ್ಲಾಂಟಿಕ್ ಸಾಗರದ ಆಚೆಬದಿಯ ಸರ್ಗಾಸೊ ಸಮುದ್ರಕ್ಕೆ ಸುಮಾರು 5,000 ಕಿಲೋಮೀಟರ್ ಈಜಬೇಕು. ಡೆನ್ಮಾರ್ಕಿನ ಯೋಹಾನೆಸ್ ಷ್ಮಿಟ್ 1904ರಿಂದ ಸಾಗರದಲ್ಲಿ ಬಲೆ ಎಳೆಯುತ್ತ, ಎಳೆ ಮರಿಗಳ ಜಾಡು ಹಿಡಿದು, 1920ರ ದಶಕದ ಆರಂಭದಲ್ಲಿ ಈ ತಾಣವನ್ನು ಗುರುತಿಸಿದರು.

ಪ್ರಯಾಣದಲ್ಲಿ ಮೀನು ಆಹಾರ ಮುಟ್ಟುವುದಿಲ್ಲ. ಮೈಯ ಕೊಬ್ಬೇ ಅದರ ಬುತ್ತಿ. ರಾತ್ರಿ ಮೇಲಕ್ಕೆ ಬಂದು, ಹಗಲು ನೂರಾರು ಮೀಟರ್ ಆಳಕ್ಕಿಳಿದು ಈಜುತ್ತದೆ. ಈ ಏರಿಳಿತದಲ್ಲಿ ಮೈಯನ್ನು ತೂಗಿಸಿಕೊಳ್ಳಲು ನೆರವಾಗುವುದು ಹೊಟ್ಟೆಯೊಳಗಿನ ಗಾಳಿಚೀಲ.

ಹೊರಗಿನಿಂದ ಬಂದ ಹುಳು

1980ರ ದಶಕದ ಆರಂಭದಲ್ಲಿ, ಪೂರ್ವ ಏಷ್ಯಾದಿಂದ ತರಿಸಿದ ಜೀವಂತ ಹಾವುಮೀನುಗಳ ಜೊತೆ ಆಂಗ್ವಿಲಿಕೋಲ ಎಂಬ ಹುಳು ಯುರೋಪಿಗೆ ಬಂತು. ಸೀಗಡಿಯ ದೂರದ ನೆಂಟನಾದ ಒಂದು ಸೂಕ್ಷ್ಮ ನೀರುಜೀವಿ ಇದರ ಮರಿಯನ್ನು ನುಂಗುತ್ತದೆ. ಆ ಜೀವಿಯನ್ನು ಮೀನು ತಿಂದಾಗ ಮರಿಹುಳು ಕರುಳನ್ನು ಕೊರೆದು ಗಾಳಿಚೀಲ ಸೇರಿ ರಕ್ತ ಹೀರುತ್ತದೆ. ಕ್ರಮೇಣ ಚೀಲದ ಗೋಡೆ ದಪ್ಪವಾಗಿ ಗಡುಸಾಗುತ್ತದೆ.

ಬಯಲುಸೀಮೆಯ ಹಿರಿಯರಿಗೆ ನಾರುಹುಣ್ಣಿನ ನೆನಪಿರಬಹುದು. ಅದರ ಹುಳುವೂ ಇಂಥದೇ ನೀರುಜೀವಿಯೊಡನೆ ಕುಡಿಯುವ ನೀರಿನಲ್ಲಿ ನಮ್ಮ ದೇಹ ಸೇರುತ್ತಿತ್ತು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು ಆ ರೋಗವನ್ನು ಓಡಿಸಿದ ಮುಖ್ಯ ಉಪಾಯಗಳಲ್ಲಿ ಒಂದು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತವೆಂದು ಘೋಷಿಸಿತು.

ಕೆರೆ ಒಂದೇ, ತೂಬು ಹಲವು

ವಂಶವಾಹಿಗಳೆಂದರೆ ತಂದೆತಾಯಿಯಿಂದ ಬಂದ ಆಜ್ಞೆಗಳು. ಹುಳು ಇವನ್ನು ಅಳಿಸುವುದಿಲ್ಲ. ಕೆರೆಯ ನೀರು ಅಷ್ಟೇ ಇದ್ದರೂ ನೀರುಗಂಟಿ ಯಾವ ತೂಬನ್ನು ಎಷ್ಟು ತೆರೆಯುತ್ತಾನೆಂಬುದರ ಮೇಲೆ ಗದ್ದೆಯ ಗತಿ ನಿಲ್ಲುತ್ತದಲ್ಲವೇ? ಹಾಗೆಯೇ ಹುಳು ಸೇರಿದಾಗ ಕೆಲವು ವಂಶವಾಹಿಗಳ ಕೆಲಸ ಹೆಚ್ಚುತ್ತದೆ, ಕೆಲವುಗಳದು ತಗ್ಗುತ್ತದೆ.

2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಜಪಾನಿನ ಮತ್ತು ಯುರೋಪಿನ ಹಾವುಮೀನುಗಳಿಗೆ ಈ ಹುಳುವಿನ ಸೋಂಕು ತಗಲಿಸಿ, 3ನೆಯ ಮತ್ತು 23ನೆಯ ದಿನ ಪರೀಕ್ಷಿಸಿದರು. ಹುಳುವಿಗೆ ಹೊಸಬನಾದ ಯುರೋಪಿನ ಮೀನಿನಲ್ಲೇ ಹೆಚ್ಚು ವಂಶವಾಹಿಗಳ ಕೆಲಸ ಏರುಪೇರಾಗಿತ್ತು. ಆದರೂ ಹುಳುವಿಗೆ ಹೆಚ್ಚು ತುತ್ತಾಗುವುದು ಅದೇ ಮೀನು! ಅನಾದಿಯಿಂದ ಹುಳುವಿನ ಜೊತೆ ಬಾಳಿದ ಜಪಾನಿನ ಮೀನು ಸ್ವಲ್ಪದರಲ್ಲೇ ಸುಧಾರಿಸಿಕೊಂಡಿತು. ಗಾಬರಿಯಿಂದ ಎಲ್ಲ ತೂಬುಗಳನ್ನೂ ಎಳೆದ ಮಾತ್ರಕ್ಕೆ ಬೆಳೆ ಉಳಿಯುವುದಿಲ್ಲ.

ಆಸ್ಟ್ರಿಯದ ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದವರು ಗಾಳಿಚೀಲವನ್ನೇ ಪರಿಶೀಲಿಸಿದರು. ಬೆಳ್ಳಿಬಣ್ಣ ತಾಳುವ ಕಾಲದಲ್ಲಿ ಆಳದ ಈಜಿಗಾಗಿ ನಡೆಯಬೇಕಾದ ಅದರ ಸಿದ್ಧತೆ ಸೋಂಕಿತ ಮೀನಿನಲ್ಲಿ ಕುಂದುತ್ತದೆ. ಅಂಥ ಮೀನು ನಿಧಾನವಾಗಿ ಈಜುತ್ತದೆ, ಬುತ್ತಿಯನ್ನು ಬೇಗ ಮುಗಿಸುತ್ತದೆ. ದಾರಿ ಮುಗಿಯುವ ಮೊದಲೇ ಬುತ್ತಿ ತೀರಿದರೆ ಮೊಟ್ಟೆಯಿಡುವವರಾರು? ಅಣೆಕಟ್ಟು, ಅತಿಯಾದ ಬೇಟೆ, ಮಾಲಿನ್ಯಗಳೂ ಸೇರಿ, 2008ರಿಂದ ಈ ಮೀನು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ.

ನಾವು ಮಾಡಬೇಕಾದುದು

ಯುರೋಪಿನ ನದಿಗಳಿಗೆ ಒಮ್ಮೆ ಹರಡಿದ ಆ ಹುಳುವನ್ನು ಇಂದಿಗೂ ಹಿಂದಕ್ಕೆ ಕಳಿಸಲಾಗಿಲ್ಲ. ಆದ್ದರಿಂದ ಕೃಷಿಹೊಂಡಕ್ಕೆ ಮೀನುಮರಿ ತರುವವರು ನಂಬಿಕೆಯ ಮರಿಕೇಂದ್ರದಿಂದಲೇ ತರೋಣ. ಹೊಸ ಮರಿಗಳನ್ನು ಕೆಲವು ದಿನ ಬೇರೆ ತೊಟ್ಟಿಯಲ್ಲಿಟ್ಟು ನೋಡೋಣ. ಉಳಿದ ಮೀನನ್ನೂ ತಂದ ನೀರನ್ನೂ ಊರ ಕೆರೆಗೆ ಸುರಿಯುವುದು ಬೇಡ. ಬೇರೆ ಕೆರೆಯಲ್ಲಿ ಬಳಸಿದ ಬಲೆಯನ್ನು ಬಿಸಿಲಲ್ಲಿ ಚೆನ್ನಾಗಿ ಒಣಗಿಸೋಣ. ಸಂತೆಯಿಂದ ತಂದ ಆಡುಕುರಿಗಳನ್ನೂ ಪಶುವೈದ್ಯರ ಸಲಹೆ ಪಡೆದ ಮೇಲೆಯೇ ಹಿಂಡಿಗೆ ಸೇರಿಸೋಣ. ಹುಳು ಒಳಸೇರಿದ ಮೇಲೆ ಔಷಧಿಗೆ ಅಲೆಯುವುದಕ್ಕಿಂತ ಬಾಗಿಲಲ್ಲೇ ತಡೆಯುವುದು ಸುಲಭ, ಖರ್ಚೂ ಕಡಿಮೆ.