ಕುರಿಗಾಹಿಯ ಸೇತುವೆ ದಾಟಿ

ಸೇತುವೆ ಎಂದರೆ 30 ಅಡಿ ಉದ್ದ, 8 ಅಡಿ ಅಗಲದ ಒಂದೇ ಒಂದು ಕಲ್ಲಿನ ಕಮಾನು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಊರಿನ ಓಲ್ಡ್ ಕೋರ್ಸ್ ಗಾಲ್ಫ್ ಮೈದಾನದಲ್ಲಿ, 18ನೇ ಹೋಲ್ ಆಡುವವರು ಸ್ವಿಲ್ಕನ್ ಹಳ್ಳವನ್ನು ಇದರ ಮೇಲೆ ದಾಟುತ್ತಾರೆ. 2005ರಲ್ಲಿ ಜ್ಯಾಕ್ ನಿಕ್ಲಾಸ್ ಓಪನ್ ಪಂದ್ಯಾವಳಿಗೆ ವಿದಾಯ ಹೇಳಿದ್ದು ಇದರ ಮೇಲೆ ನಿಂತು ಕೈ ಬೀಸಿ. ಅಲ್ಲಿ ನಿಂತು ಫೋಟೊ ತೆಗೆಸಿಕೊಳ್ಳದೆ ಯಾರೂ ಮುಂದೆ ಹೋಗುವುದಿಲ್ಲ. ನಾವು ಬೆಂಗಳೂರಿನಿಂದ ಹೋಗಿದ್ದ ನಾಲ್ವರೂ ತೆಗೆಸಿಕೊಂಡೆವು.

ಅದು ಯಾರ ಸೇತುವೆ ಎಂದು ಹೇಳಿದವರು ನಮ್ಮ ಜೊತೆಗಿದ್ದ ವಯಸ್ಸಾದ ಕ್ಯಾಡಿ. 700 ವರ್ಷಗಳಷ್ಟು ಹಿಂದೆ, ಇಲ್ಲಿ ಗಾಲ್ಫಿನ ಸುದ್ದಿಯೇ ಇಲ್ಲದಾಗ, ಕುರಿಗಾಹಿಗಳು ಮಂದೆ ದಾಟಿಸಲು ಕಟ್ಟಿದ್ದಂತೆ. ಹೊಸದುರ್ಗ ಸೀಮೆಯಲ್ಲಿ ಹುಟ್ಟಿ, ಕುರಿಮಂದೆಯ ಧೂಳಿನಲ್ಲೇ ಶಾಲೆಗೆ ನಡೆದವನು ನಾನು. ಆ ಮಾತು ಕೇಳಿದ ಮೇಲೆ ಇಡೀ ಮೈದಾನ ನನಗೆ ಪರಿಚಯದ ನೆಲವಾಗಿ ಕಾಣತೊಡಗಿತು.

ಕಡಲಿಗೂ ಉಳುಮೆಯ ಹೊಲಕ್ಕೂ ನಡುವೆ ಇರುವ ಮರಳುದಿಬ್ಬಗಳ ಪಟ್ಟಿಗೆ ಅಲ್ಲಿ 'ಲಿಂಕ್ಸ್' ಎನ್ನುತ್ತಾರೆ. ಬೆಳೆ ಬಾರದ ನೆಲ. ಸಣ್ಣ ಎಸಳಿನ ಫೆಸ್ಕ್ಯೂ ಹುಲ್ಲು ಮಾತ್ರ ಬೇರು ಹಿಡಿಯುತ್ತದೆ. ಕುರಿಗಳೂ ಮೊಲಗಳೂ ಮೇಯ್ದು ಅದನ್ನು ನೆಲಕ್ಕೆ ಅಂಟಿಸಿಟ್ಟವು. ಗಾಳಿಗೆ ಬೆನ್ನು ಕೊಟ್ಟು ಕುರಿಗಳು ಮಲಗಿದ ಕಡೆ ಹುಲ್ಲು ಸವೆದು ಗುಂಡಿ ಬಿತ್ತು. ಬಂಕರ್‌ಗಳು ಹುಟ್ಟಿದ್ದು ಹಾಗೆ ಎನ್ನುತ್ತಾರೆ. ಓಲ್ಡ್ ಕೋರ್ಸಿನಲ್ಲಿ ಅಂಥವು 112 ಇವೆ. 14ನೇ ಹೋಲಿನದಕ್ಕೆ ನರಕ ಎಂದೇ ಹೆಸರು. ಅದರೊಳಗೆ ಇಳಿದರೆ ಆಕಾಶ ಬಿಟ್ಟು ಬೇರೇನೂ ಕಾಣುವುದಿಲ್ಲ. ನಕ್ಷೆಯಲ್ಲಿ ನೋಡಿದರೆ ಮೈದಾನದ ಆಕಾರವೂ ತುದಿ ಬಾಗಿದ ಕುರಿಗಾಹಿಯ ಕೋಲಿನಂತೆಯೇ ಇದೆ.

ನಮ್ಮ ಭಾಷೆಯಲ್ಲಿ ಇಂಥ ನೆಲಕ್ಕೆ ಕಾವಲು ಎನ್ನುತ್ತೇವೆ.

ಆಟದ ಬಗೆಯನ್ನೂ ಆ ನೆಲವೇ ತೀರ್ಮಾನಿಸುತ್ತದೆ. ಬೆಂಗಳೂರು ಗಾಲ್ಫ್ ಕ್ಲಬ್ 1876ರಷ್ಟು ಹಳೆಯದು. ಆದರೆ ನಮ್ಮಲ್ಲಿ ಕಲಿಯುವುದು ಚೆಂಡನ್ನು ಮೇಲೆತ್ತಿ ಮೆತ್ತನೆಯ ಗ್ರೀನಿನ ಮೇಲೆ ಇಳಿಸುವ ಆಟ. ಅಲ್ಲಿ ನೆಲ ಗಟ್ಟಿ, ಬಿದ್ದ ಚೆಂಡು ಪುಟಿದು ಓಡುತ್ತದೆ. ಜೋಗಿಮಟ್ಟಿಯ ಮೇಲೆ ಆಷಾಢದಲ್ಲಿ ಬೀಸುತ್ತದಲ್ಲ, ಅಂಥ ಗಾಳಿ. ಮೇಲೆತ್ತಿದ ಚೆಂಡು ಅದರ ಪಾಲು. 40 ಗಜ ದೂರದಿಂದಲೂ ಪಟ್ಟರ್ ಹಿಡಿದು ನೆಲದ ಮೇಲೆ ಉರುಳಿಸಿ ಎಂದು ಕ್ಯಾಡಿ ಹೇಳಿದಾಗ ನಂಬಿಕೆ ಬರಲಿಲ್ಲ. ಉರುಳಿಸಿದ ಮೇಲೆ ಬಂತು. ಇನ್ನೊಂದು ವಿಶೇಷ, ಏಳು ಗ್ರೀನ್‌ಗಳಲ್ಲಿ ಒಂದೊಂದಕ್ಕೂ ಎರಡೆರಡು ಹೋಲ್. 2ನೆಯದಕ್ಕೆ 16, 3ನೆಯದಕ್ಕೆ 15, ಹೀಗೆ ಯಾವ ಜೋಡಿ ಕೂಡಿಸಿದರೂ 18.

ಬೇರೆ ಮೈದಾನಗಳಲ್ಲೂ ಆಡಿದೆವು. 1860ರಲ್ಲಿ ಮೊದಲ ಓಪನ್ ನಡೆದ ಪ್ರೆಸ್ಟ್‌ವಿಕ್ ಮನಸ್ಸಿಗೆ ಹಿತವಾಗಿತ್ತು. ಕಾರ್ನೂಸ್ಟಿ ಅತಿ ಕಠಿಣ. ಕೊನೆಯ ಹೋಲ್‌ಗಳಲ್ಲಿ ಬ್ಯಾರಿ ಹಳ್ಳ ಮತ್ತೆ ಮತ್ತೆ ಅಡ್ಡ ಬರುತ್ತದೆ. ಮಾಂಟ್ರೋಸಿನಲ್ಲಿ ಕಡಲು ದಿಬ್ಬಗಳನ್ನೇ ತಿನ್ನುತ್ತಿರುವುದನ್ನು ನೋಡಿ ಸಂಕಟವಾಯಿತು. ಬರೀ ಆಟಕ್ಕೆ ಅಂಕ ಕೊಡುವುದಾದರೆ ನನ್ನದು ಕಾರ್ನೂಸ್ಟಿಗೆ. ಆದರೂ ಮತ್ತೆ ಹೋಗಬೇಕೆನಿಸುವುದು ಸೇಂಟ್ ಆಂಡ್ರೂಸಿಗೇ.

ಕಾರಣ, ಅದು ಊರಿನವರದು. 1552ರಲ್ಲಿ ಆರ್ಚ್‌ಬಿಷಪ್ ಹ್ಯಾಮಿಲ್ಟನ್ ಕೊಟ್ಟ ಸನ್ನದಿನಲ್ಲಿ, ಈ ನೆಲದಲ್ಲಿ ಗಾಲ್ಫೂ ಸೇರಿದಂತೆ ಎಲ್ಲ ಆಟ ಆಡುವ ಹಕ್ಕು ಊರಿನ ಜನರದು ಎಂದಿದೆ. 1797ರಲ್ಲಿ ದಿವಾಳಿಯಾದ ನಗರಸಭೆ ಲಿಂಕ್ಸನ್ನು ಮೊಲ ಸಾಕುವ ವ್ಯಾಪಾರಿಗಳಿಗೆ ಕೊಟ್ಟುಬಿಟ್ಟಿತು. ಮೊಲಗಳು ಮೈದಾನವನ್ನು ಬಿಲ ಮಾಡಿದವು, ಊರು ಎರಡು ದಶಕ ಹೊಡೆದಾಡಿತು. ಕೊನೆಗೆ 1821ರಲ್ಲಿ ಜೇಮ್ಸ್ ಚೀಪ್ ಎಂಬ ಸ್ಥಳೀಯ ಜಮೀನುದಾರ ಅದನ್ನು ಕೊಂಡು ಉಳಿಸಿದ. 1894ರ ಕಾಯ್ದೆಯಿಂದ ಅದು ಮತ್ತೆ ಊರಿನ ಕೈಗೆ ಬಂತು. 1974ರಿಂದ ಟ್ರಸ್ಟ್ ಒಂದು ನೋಡಿಕೊಳ್ಳುತ್ತಿದೆ. ಹ್ಯಾಂಡಿಕ್ಯಾಪ್ ಪತ್ರ ಇರುವ ಯಾರೇ ಆಗಲಿ ಎರಡು ದಿನ ಮುಂಚೆ ಹೆಸರು ಕೊಟ್ಟು ಚೀಟಿ ಎತ್ತಿಸಬಹುದು. ನಮಗೆ ಒಂದು ದಿನ ತಪ್ಪಿ ಮರುದಿನ ಸಿಕ್ಕಿತು.

ಭಾನುವಾರ ಮಾತ್ರ, ದೊಡ್ಡ ಪಂದ್ಯಾವಳಿ ಇಲ್ಲದಿದ್ದರೆ, ಓಲ್ಡ್ ಕೋರ್ಸಿನಲ್ಲಿ ಆಟವಿಲ್ಲ. ಸುಮಾರು ನಾಲ್ಕು ದಶಕ ಈ ನೆಲವನ್ನು ನೋಡಿಕೊಂಡ ಟಾಮ್ ಮಾರಿಸ್ ವಾರಕ್ಕೊಂದು ದಿನ ಹುಲ್ಲಿಗೂ ವಿಶ್ರಾಂತಿ ಬೇಕೆಂದು ಹಟ ಹಿಡಿದಿದ್ದವರು. ನಾವು ಹೊರಟದ್ದು ಭಾನುವಾರ. ಜಗತ್ತಿನ ಅತಿ ಪ್ರಸಿದ್ಧ ಫೇರ್‌ವೇಯಲ್ಲಿ ಒಬ್ಬ ಅಜ್ಜಿ ನಾಯಿ ಹಿಡಿದು ನಡೆಯುತ್ತಿದ್ದರು, ಮಕ್ಕಳು ಓಡುತ್ತಿದ್ದರು. ಕುರಿಗಾಹಿಯ ಸೇತುವೆಯ ಮೇಲೆ ಇಬ್ಬರು ಹುಡುಗರು ಕಾಲು ಇಳಿಬಿಟ್ಟು ಕೂತಿದ್ದರು.

ವಿಮಾನದಲ್ಲಿ ಕೂತಾಗ ನೆನಪಾದದ್ದು ನಮ್ಮ ಕಾವಲುಗಳು. ಚಿಕ್ಕದೇವರಾಜ ಒಡೆಯರ ದನಗಳ ಇಲಾಖೆ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಆಯಿತು. ಆ ದನಗಳಿಗೆಂದು ಬಿಟ್ಟ ಹುಲ್ಲುಗಾವಲಿನಲ್ಲಿ ಕುರಿ ಮೇಯಿಸಿ ಬದುಕಿದವರು ನಮ್ಮ ಕುರುಬರು, ಕಾಡುಗೊಲ್ಲರು. ಅದೇ ಉಣ್ಣೆಯಿಂದ ಚಳ್ಳಕೆರೆ ಕಂಬಳಿ. ಕೃಷ್ಣಮೃಗವೂ ಎರ್ಲಡ್ಡು ಹಕ್ಕಿಯೂ ಅದೇ ಹುಲ್ಲು ನಂಬಿದ್ದವು. ಚಳ್ಳಕೆರೆ ತಾಲ್ಲೂಕಿನಲ್ಲಿ ಸುಮಾರು 10,000 ಎಕರೆ ಕಾವಲು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೂ ಇತರ ಯೋಜನೆಗಳಿಗೂ ಹಂಚಿಹೋದಾಗ, ಮೇಯಿಸುವವರ ಹಕ್ಕಿಗಾಗಿ ಹಸಿರು ನ್ಯಾಯಮಂಡಳಿಯವರೆಗೆ ಹೋಗಬೇಕಾಯಿತು. ಸೇಂಟ್ ಆಂಡ್ರೂಸಿನವರ ಕೈಯಲ್ಲಿ 1552ರ ಕಾಗದ ಇತ್ತು.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಓದುಗರಲ್ಲಿ ನನ್ನ ಬೇಡಿಕೆ ಇಷ್ಟೆ: ನಿಮ್ಮೂರ ಪಕ್ಕದಲ್ಲಿ ಕಾವಲು ಉಳಿದಿದ್ದರೆ, ಅದರ ಪಹಣಿ ತೆಗೆಸಿ, ಯಾರ ಹೆಸರಿನಲ್ಲಿದೆ, ಎಷ್ಟು ಎಕರೆ ಎಂದು ಒಮ್ಮೆ ಓದಿ ನೋಡಿ.