ಗಾಳಿಗೊಂದು ಕೌದಿ

ರಾಮದುರ್ಗದ ಪೇಟೆಯ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಅದು 480 ಗ್ರಾಂ ತೂಗಿತು. ಅಂಗಡಿಯವರು ಒಮ್ಮೆ ತಕ್ಕಡಿಯನ್ನು, ಒಮ್ಮೆ ನನ್ನನ್ನು ನೋಡಿದರು.

‘ಒಳಗೇನೈತ್ರಿ ಇದರಾಗ?’

‘ಹಾಸಿಗಿ.’

‘ಕೂಸಿಂದೇನ್ರಿ?’

ಕೂಸಿನದಲ್ಲ, ಐವತ್ತು ದಾಟಿದ ನನ್ನದೇ ಅಂದಾಗ ಅವರು ಹಿಂದೆ ನಿಂತಿದ್ದ ಗಿರಾಕಿಗೆ ಕಣ್ಣು ಮಿಟುಕಿಸಿ, ಅರ್ಧ ಕಿಲೋ ಸಕ್ಕರೆಗಿಂತ ಹಗುರಾದ ನನ್ನ ಹಾಸಿಗೆಯನ್ನು ಎರಡು ಬೆರಳಿನಿಂದ ಎತ್ತಿ ಕೈಗಿಟ್ಟರು. ಸುತ್ತಿದಾಗ ಅದು ಒಂದು ಲೀಟರ್ ನೀರಿನ ಬಾಟಲಿಯಷ್ಟೇ. ಬಿಚ್ಚಿ ಊದಿದರೆ ಮನುಷ್ಯ ಕಾಲು ಚಾಚಿ ಮಲಗುವಷ್ಟು.

ಮಲಪ್ರಭೆಯ ದಂಡೆ ಹಿಡಿದು ನಡೆಯಬೇಕು ಅನ್ನುವುದು ನನ್ನ ಹಳೆಯ ಹುಚ್ಚು. ಖಾನಾಪುರದ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುವವರೆಗೆ ಈ ನದಿ 304 ಕಿಲೋಮೀಟರ್ ಹರಿಯುತ್ತದೆ. ಅಷ್ಟನ್ನೂ ಅಲ್ಲದಿದ್ದರೆ ನಮ್ಮೂರಿಂದ ತೊರಗಲ್ಲ ಕೋಟೆ ನೋಡಿಕೊಂಡು ಸವದತ್ತಿಯ ತನಕವಾದರೂ ನಡೆಯುವ ಆಸೆ. ಕಾಲು ಒಪ್ಪಿತ್ತು. ಒಪ್ಪದಿದ್ದುದು ನಡ. ಎರಡು ರಾತ್ರಿ ಬರೀ ನೆಲಕ್ಕೆ ಮಲಗಿದರೆ ಮೂರನೆಯ ದಿನ ಎದ್ದು ನಿಲ್ಲಲು ಯಾರಾದರೂ ಕೈ ಕೊಡಬೇಕು. ಅದಕ್ಕೇ ಬೆಂಗಳೂರಿನ ಅಳಿಯ ಈ ಗಾಳಿ ಹಾಸಿಗೆ ಕಳಿಸಿದ್ದ. ಬೆನ್ನಚೀಲ ಹೊತ್ತು ಬೆಟ್ಟ ಹತ್ತುವ ಹುಡುಗರೆಲ್ಲ ಈಗ ಇದನ್ನೇ ಒಯ್ಯುವುದಂತೆ.

ಮೊದಲ ಪರೀಕ್ಷೆ ಮನೆಯ ಮಾಳಿಗೆಯ ಮೇಲೆ. ಜನವರಿಯ ಕೊನೆಯ ಇಳಿಸಂಜೆ, ಮಗ್ಗಗಳ ಸದ್ದು ಒಂದೊಂದಾಗಿ ನಿಲ್ಲುವ ಹೊತ್ತು. ಮೂಲೆಯಲ್ಲಿದ್ದ ಬೂಚು ತೆಗೆದು ಊದತೊಡಗಿದೆ. ಹತ್ತು ಉಸಿರಿಗೆ ಅದು ಒಣಗಿದ ಮೀನಿನ ಹಾಗೆ ಬಿದ್ದಿತ್ತು. ಹದಿನೈದಕ್ಕೆ ಮೈ ಮುರಿಯಿತು. ಇಪ್ಪತ್ತಕ್ಕೆ ನನ್ನ ಕಣ್ಣ ಮುಂದೆ ಮಿಣುಕುಹುಳ ಹಾರಿದವು. 26ನೇ ಉಸಿರಿಗೆ ಹಾಸಿಗೆ ಗಡುಸಾಯಿತು, ನಾನು ಮೆತ್ತಗಾದೆ. ಉಪ್ಪಿನಕಾಯಿಯ ಭರಣಿ ಒಯ್ಯಲು ಬಂದ ಅವ್ವ ಮೆಟ್ಟಿಲ ಮೇಲೇ ನಿಂತಿದ್ದಳು.

‘ಏನ ಊದಾಕತ್ತೀಯೋ ತಮ್ಮಾ?’

‘ಹಾಸಿಗೀನ ಬೇ. ಬಾ, ಕುಂತು ನೋಡು.’

ಅವ್ವ ಕೂರಲಿಲ್ಲ. ಬೆರಳಿನಿಂದ ಒತ್ತಿ, ಅದು ಕುಂಯ್ ಅಂದದ್ದಕ್ಕೆ ಕೈ ಹಿಂದೆಗೆದುಕೊಂಡು, ‘ನಿನ್ನ ಉಸಿರಿನ ಮ್ಯಾಲ ನೀನ ಮಲಗೋದಾತು’ ಅಂದು ಭರಣಿ ಎತ್ತಿಕೊಂಡು ಇಳಿದು ಹೋದಳು.

ಸುಳ್ಳು ಹೇಳಬಾರದು, ಆ ರಾತ್ರಿ ನಡ ನನ್ನನ್ನು ಹರಸಿತು. ಅಂಗಾತ ಮಲಗಿದರೆ ಐದಾರು ಸೆಂಟಿಮೀಟರ್ ಮೇಲೆ ತೇಲಿದ ಹಾಗೆ. ಮಗ್ಗುಲಾದರೆ ಟೊಂಕದ ಎಲುಬು ನೆಲ ಮುಟ್ಟುವುದಿಲ್ಲ. ತಕರಾರು ಎರಡೇ. ಒಂದು, ಹೊರಳಿದಾಗಲೆಲ್ಲ ಯಾರೋ ಚುರುಮುರಿಯ ಚೀಲ ಹಿಚುಕಿದಂತೆ ಸದ್ದು. ಎರಡು, ಅಗಲ ಸಾಲದು. ಅಂಗಾತ ಮಲಗಿದಾಗ ಮೊಣಕೈಗಳು ಆಚೀಚೆ ಜಾರಿ ಗಚ್ಚಿನ ಮೇಲೆ ಬೀಳುತ್ತವೆ, ಸುಡುಗಾಡಿಗೆ ಒಯ್ಯುವವನ ಹಾಗೆ ಎದೆಯ ಮೇಲೆ ಕೈ ಕಟ್ಟಿಕೊಂಡೇ ಮಲಗಬೇಕು.

ಇಂಥ ಹಾಸಿಗೆಯ ಹುಟ್ಟು ದೂರದ್ದು. ಅಮೆರಿಕದ ಸಿಯಾಟಲ್ ನಗರದಲ್ಲಿ ಬೋಯಿಂಗ್ ವಿಮಾನ ಕಾರ್ಖಾನೆಯ ಕೆಲಸ ಕಳೆದುಕೊಂಡ ಎಂಜಿನಿಯರುಗಳು ಸೇರಿ 1972ರಲ್ಲಿ ಒಂದು ಕಂಪನಿ ಕಟ್ಟಿ, ತೆರೆದ ರಂಧ್ರಗಳ ಸ್ಪಂಜನ್ನು ಗಾಳಿ ಆಡದ ಬಟ್ಟೆಯೊಳಗೆ ಅಂಟಿಸಿ ಥರ್ಮಾರೆಸ್ಟ್ ಅನ್ನುವ ಹಾಸಿಗೆ ಮಾಡಿದರು. ಬೂಚು ತೆಗೆದರೆ ಸ್ಪಂಜು ತಾನೇ ಅರಳಿ ಗಾಳಿ ಎಳೆದುಕೊಳ್ಳುತ್ತಿತ್ತು. ಆಮೇಲೆ ಬಂದವರು ತೂಕ ಇಳಿಸುವ ಹಟಕ್ಕೆ ಬಿದ್ದು ಸ್ಪಂಜನ್ನೇ ತೆಗೆದು ಹಾಕಿದರು. ಉಳಿದದ್ದು ತೆಳು ನೈಲಾನಿನ ಚೀಲ, ಒಳಗೆ ಗಾಳಿ. ನೆಲದ ಥಂಡಿಯನ್ನು ಇಂಥ ಹಾಸಿಗೆ ಎಷ್ಟು ತಡೆಯುತ್ತದೆ ಅನ್ನುವುದಕ್ಕೆ ಆರ್ ಅನ್ನುವ ಅಂಕಿಯೊಂದಿದೆ. ಮೊದಲು ತಯಾರಕರು ತಮಗೆ ತಿಳಿದಂತೆ ಅಳೆದು ಬರೆದುಕೊಳ್ಳುತ್ತಿದ್ದರು; 2018ರಲ್ಲಿ ಅಳತೆಗೆ ಒಂದೇ ನಿಯಮ ಬಂತು. ಹಿಮದ ಮೇಲೆ ಮಲಗುವವರು ನಾಲ್ಕೈದರ ಮೇಲಿನದನ್ನು ಹುಡುಕುತ್ತಾರೆ. ನನ್ನದು ಒಂದೂವರೆಯ ಬಡವ. ಮಲಪ್ರಭೆಯ ದಂಡೆಗೆ ಅಷ್ಟು ಸಾಕು ಅಂದುಕೊಂಡೆ.

ಎರಡನೆಯ ಪರೀಕ್ಷೆಗೆ ಸುರೇಬಾನದ ಕಡೆ ಹೊರಟೆ. ಭರತ ಹುಣ್ಣಿಮೆಗೆ ಇನ್ನು ನಾಲ್ಕು ದಿನವಿತ್ತು. ಆ ಊರಿನ ಹತ್ತಿರದ ಗುಡ್ಡದ ಸೆರಗಿನಲ್ಲಿ ಶಬರಿಕೊಳ್ಳವಿದೆ. ಕೊಳ್ಳವೆಂದರೆ ಕೊಳ್ಳವೇ: ಸುತ್ತ ಕಾದು ಕೆಂಪಾದ ಮರಳುಗಲ್ಲಿನ ಗುಡ್ಡ, ನಡುವೆ ಮರಗಳ ನೆರಳು, ಶಬರಿಯ ಗುಡಿ, ಕಲ್ಲಿನ ಹೊಂಡದಲ್ಲಿ ತಣ್ಣಗಿನ ನೀರು. ರಾಮ ಇಲ್ಲಿಗೇ ಬಂದ, ಶಬರಿ ಇಲ್ಲೇ ಬಾರಿಹಣ್ಣು ಕಡಿದು ನೋಡಿ ಕೊಟ್ಟಳು ಅನ್ನುವುದು ಈ ಸೀಮೆಯವರ ನಂಬಿಕೆ. ಪಂಪೆಯ ದಂಡೆಯವರೂ ಹಾಗೇ ಹೇಳುತ್ತಾರೆ, ಅವರ ಜೊತೆ ನಾವು ಜಗಳಕ್ಕೆ ಹೋಗುವುದಿಲ್ಲ. ನಮ್ಮ ಕಡೆ ಸಾಕ್ಷಿಗೆ ಬಾರಿಕಂಟಿಗಳಿವೆ. ಗುಡ್ಡದ ತುಂಬ, ಬದುವಿನ ತುಂಬ, ಕಾಲುದಾರಿಯ ಎರಡೂ ಬದಿ. ಸಣ್ಣ ಹಣ್ಣು, ಹುಳಿ-ಸಿಹಿ. ಹಣ್ಣಿನ ಪಕ್ಕದಲ್ಲೇ ಜೋಡಿ ಮುಳ್ಳು, ಒಂದು ನೆಟ್ಟಗೆ, ಇನ್ನೊಂದು ಕೊಕ್ಕೆ. ನಾನು ಹಣ್ಣನ್ನು ನೋಡಿದೆ.

ಗುಡ್ಡದ ಬುಡದ ಮಸಾರಿ ಮುಗಿದು ಎರೆ ಶುರುವಾಗುವಲ್ಲಿ ಗೆಳೆಯರೊಬ್ಬರ ಹೊಲ. ಕಡಲೆ ಕಿತ್ತು ಬರಿದಾಗಿತ್ತು. ಅದರಲ್ಲಿ ಕುರಿ ತರುಬಿದ್ದರು. ರಾತ್ರಿಯಿಡೀ ಕುರಿ ನಿಂತರೆ ಹಿಕ್ಕೆ, ಗಂಜಲ ಬಿದ್ದು ಹೊಲಕ್ಕೆ ಗೊಬ್ಬರ, ಕುರಿಯವರಿಗೆ ಹೊಲದವರಿಂದ ಕಾಳೋ ಹಣವೋ, ಹಳೆಯ ಲೆಕ್ಕ. ಬಲೆಯ ಹಟ್ಟಿಯೊಳಗೆ ಕುರಿಗಳು ಒತ್ತೊತ್ತಾಗಿ ನಿಂತಿದ್ದವು. ಹೊರಗೆ ಸಾಮಾನು ಹೊರುವ ಒಂದು ಕುದುರೆ, ಎರಡು ನಾಯಿ, ಮೂರು ಕಲ್ಲಿನ ಒಲೆ. ಒಲೆಯ ಮುಂದೆ ರುಮಾಲು ಸುತ್ತಿದ ಹಿರಿಯರು ರೊಟ್ಟಿ ಕಾಯಿಸುತ್ತಿದ್ದರು. ನನ್ನ ಬುತ್ತಿಯ ಶೇಂಗಾ ಚಟ್ನಿ, ಅವರ ಹಾಲು. ಊಟದ ಸಾಲ ಅಲ್ಲೇ ಚುಕ್ತಾ ಆಯಿತು.

ನಾನು ಬೂಚಿಗೆ ಬಾಯಿ ಇಟ್ಟದ್ದೇ ನಾಯಿಗಳು ಬೊಗಳತೊಡಗಿದವು. ಹಿರಿಯರು ಗದರಿಸಿದರು, ನನ್ನನ್ನಲ್ಲ.

‘ಎಷ್ಟ ಬಿತ್ರಿ ಸರ ಇದಕ್ಕ?’

ಹೇಳಿದೆ. ಅವರು ಹಟ್ಟಿಯ ಕಡೆ ನೋಡಿದರು. ಮನಸ್ಸಿನಲ್ಲೇ ಅದನ್ನು ಕುರಿಯ ಲೆಕ್ಕಕ್ಕೆ ತಿರುವಿದ್ದು ನನಗೆ ಕಾಣಿಸಿತು. ಏನೂ ಅನ್ನಲಿಲ್ಲ. ಹೆಗಲ ಮೇಲಿನ ಕಂಬಳಿಯನ್ನು ಒಮ್ಮೆ ಜಾಡಿಸಿ, ಹೆಂಟೆಗಳ ನಡುವೆ ಅರ್ಧ ಹಾಸಿ, ಅರ್ಧ ಹೊದ್ದು, ಕೋಲನ್ನು ಕೈಗೆಟುಕುವಲ್ಲಿಟ್ಟು ಮಲಗಿಬಿಟ್ಟರು. ಹಾಸಿಗೆ ಸಿದ್ಧಮಾಡಲು ಅವರಿಗೆ ಹಿಡಿದದ್ದು ಒಂದು ಆಕಳಿಕೆಯಷ್ಟು ಹೊತ್ತು. ಆ ಕಂಬಳಿ ಎರಡು ಕಿಲೋದ ಮೇಲೇ ಇದ್ದೀತು. ಡೆಕ್ಕನಿ ಕುರಿಯ ಒರಟು ಉಣ್ಣೆ, ಹುಣಸೆ ಬೀಜದ ಗಂಜಿ ಕುಡಿದು ಬಿರುಸಾದದ್ದು. ಮಳೆ ಬಂದರೆ ಅದೇ ಕೊಪ್ಪೆ, ಬಿಸಿಲಿಗೆ ಅದೇ ನೆರಳು, ಈದ ಮರಿಗೆ ಅದೇ ತೊಟ್ಟಿಲು. ತೂಕವನ್ನು ಕೆಲಸದಿಂದ ಭಾಗಿಸಿದರೆ ಯಾವುದು ಹಗುರ ಅನ್ನುವ ಲೆಕ್ಕ ಮಾಡುತ್ತ ನನಗೆ ನಿದ್ದೆ ಬಂತು.

ಎಚ್ಚರವಾದಾಗ ಚಂದ್ರ ಪಡುವಣಕ್ಕೆ ಇಳಿದಿದ್ದ. ಮೊದಲು ತಿಳಿದದ್ದು ಟೊಂಕಕ್ಕೆ. ಯಾರೋ ಕೆಳಗಿನಿಂದ ಮೊಣಕೈಯಿಂದ ತಿವಿಯುತ್ತಿದ್ದ ಹಾಗೆ. ಕೈಯಾಡಿಸಿದರೆ ಎರೆಯ ಹೆಂಟೆ. ಹಾಸಿಗೆ ಮೆತ್ತಗಾಗಿತ್ತು. ಧೈರ್ಯ ತಂದುಕೊಂಡೆ. ಚಳಿಗೆ ಗಾಳಿ ಕುಗ್ಗುವುದು ಸಹಜ: ನನ್ನ ಬಾಯಿಯ ಮೂವತ್ನಾಲ್ಕು ಡಿಗ್ರಿಯ ಉಸಿರು ನಸುಕಿನ ಹದಿನಾರಕ್ಕೆ ಇಳಿದರೆ ಗಾತ್ರದಲ್ಲಿ ಶೇ 5–6ರಷ್ಟು ಹೋಗುತ್ತದೆ, ಅಷ್ಟೇ ಇರಬೇಕು. ಮತ್ತೆ ನಾಲ್ಕು ಉಸಿರು ಊದಿ ಮಲಗಿದೆ. ಅರ್ಧ ತಾಸಿಗೆ ಹೆಂಟೆ ಮತ್ತೆ ತಿವಿಯಿತು. ಕಿವಿಯಿಟ್ಟು ಆಲಿಸಿದೆ. ಕುರಿಗಳು ಮೆಲುಕು ಹಾಕುವ ಸದ್ದು, ದೂರದಲ್ಲಿ ಗಾಡಿಯ ಕೀಲಿನ ಕಿರ್ರ್, ಮತ್ತು ನನ್ನ ಕೆಳಗಿಂದ ಹಾವಿನ ಮರಿಯೊಂದು ಗುಟ್ಟು ಹೇಳಿದಂತೆ ಸಣ್ಣಗೆ ಸ್‌ಸ್‌ಸ್.

ಮಲಗುವ ಜಾಗದ ಹರಳು-ಕಡ್ಡಿ ಎಲ್ಲ ಆರಿಸಿದ್ದೆ. ಆದರೆ ಮುಳ್ಳು ಹೊಲದಲ್ಲಿರಲಿಲ್ಲ. ನನ್ನ ಪ್ಯಾಂಟಿನ ಅಂಚಿಗೆ ಕಚ್ಚಿಕೊಂಡು ಕೊಳ್ಳದಿಂದಲೇ ಜೊತೆಗೆ ಬಂದಿತ್ತು. ಕೊಕ್ಕೆಯದು.

ಇನ್ನು ನಿದ್ದೆ ಬರುವಂತಿರಲಿಲ್ಲ. ಚಪ್ಪಟೆಯಾದ ನೈಲಾನಿನ ಮೇಲೆ ಕುಳಿತು ಪಕ್ಕದ ಗೊರಕೆ ಕೇಳುತ್ತ ಕಂಬಳಿಯನ್ನೇ ನೋಡಿದೆ. ಅದರಲ್ಲೂ ಇರುವುದು ಗಾಳಿಯೇ ಅಲ್ಲವೆ? ಉಣ್ಣೆಯ ಎಳೆ ಗುಂಗುರು. ಎಳೆಯೆಳೆಯ ನಡುವೆ ಸಿಕ್ಕ ಗಾಳಿ ಅಲ್ಲಾಡದೆ ನಿಂತು ಥಂಡಿಯನ್ನು ತಡೆಯುತ್ತದೆ. ಅವ್ವನ ಕೌದಿಯಲ್ಲೂ ಅಷ್ಟೇ, ಹಳೆಯ ಸೀರೆ-ಧೋತರಗಳ ಪದರ ಪದರದ ನಡುವೆ ಗಾಳಿ. ನವಲಗುಂದದ ಜಮಖಾನೆ ಗಟ್ಟಿ ನೇಯ್ಗೆಯದು, ಅದರಲ್ಲಿ ಗಾಳಿ ಕಮ್ಮಿ. ಅದಕ್ಕೇ ನಮ್ಮವರು ಜಮಖಾನೆ ಕೂರಲು ಹಾಸಿ, ಮಲಗುವಾಗ ಮೇಲೊಂದು ಕೌದಿ ಎಳೆಯುತ್ತಾರೆ. ಅಂದರೆ ಬಡವ, ಬಲ್ಲಿದ, ಕುರಿಯವ, ಎಂಜಿನಿಯರ್, ನೆಲಕ್ಕೆ ಮಲಗುವ ಎಲ್ಲರೂ ಗಾಳಿಯ ಮೇಲೇ ಮಲಗುವುದು. ಕಂಬಳಿಯ ಗಾಳಿಗೆ ಲಕ್ಷ ಕೋಣೆಗಳು, ಒಂದರ ಕದ ಮುರಿದರೆ ಪಕ್ಕದ ಮನೆಗೆ ಗೊತ್ತಾಗುವುದಿಲ್ಲ. ನನ್ನದು ಒಂದೇ ಕೋಣೆಯ ಅರಮನೆ. ಮುಳ್ಳು ಬಾಗಿಲು ತೆಗೆದರೆ ರಾಜ್ಯವೇ ಖಾಲಿ.

ಬೆಳಕು ಹರಿಯುವಾಗ ರಸ್ತೆಯಲ್ಲಿ ಹುಣ್ಣಿಮೆಯ ಜಾತ್ರೆಗೆಂದು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಟವರು ಕಂಡರು. ಕೊಲ್ಲಾರಿ ಕಟ್ಟಿದ ಗಾಡಿಗಳು, ಎತ್ತಿನ ಕೊರಳಿನ ಗೆಜ್ಜೆಸರ, ಮುಂದೆ ನಡೆಯುವ ಹೆಂಗಸರ ಹಣೆಯ ತುಂಬ ಭಂಡಾರ. ‘ಉಧೋ ಉಧೋ’ ಅನ್ನುವ ದನಿ ಇಬ್ಬನಿಯಲ್ಲಿ ಒದ್ದೆಯಾಗಿ ಬಂತು. ಗಾಡಿಯ ಹಿಂದೆ ಕೌದಿಗಳ ಗಂಟು, ಹೆಬ್ಬಂಡೆಯಷ್ಟು ದೊಡ್ಡದು. ಬೆನ್ನಿಗೆ ಹೊರುವ ಭಾರವನ್ನು ಎತ್ತಿನ ಹೆಗಲಿಗೆ ದಾಟಿಸಿದವರಿಗೆ ಗ್ರಾಂ ಲೆಕ್ಕ ಯಾಕೆ ಬೇಕು? ಹಿರಿಯರು ಎದ್ದು, ನನ್ನ ಚಪ್ಪಟೆ ಹಾಸಿಗೆಯನ್ನು ನೋಡಿ, ಬಾಯಿ ಮುಕ್ಕಳಿಸಿ ಹೇಳಿದ್ದು ಇಷ್ಟೇ: ‘ಸೈಕಲ್ಲಿನ ಜಾತೀದು ಐತಿ, ಸೈಕಲ್ಲಿನವ್ರ ಕಡೀಗೇ ಒಯ್ರಿ.’

ಒಯ್ದೆ. ರಾಮದುರ್ಗದ ಪಂಚರ್ ಅಂಗಡಿಯ ಹುಡುಗನಿಗೆ ಇಂಥ ಟ್ಯೂಬು ಹೊಸದು, ಆದರೆ ಕಂಗೆಡಲಿಲ್ಲ. ಪಂಪು ಹಿಡಿಸಲು ಹೋದವನನ್ನು ತಡೆದು ನಾನೇ ಊದಿದೆ. ಸುತ್ತ ಜನ ನೆರೆದರು. ಬಾಂಡ್ಲೆಯ ನೀರಿನಲ್ಲಿ ಹಾಸಿಗೆಯನ್ನು ಅಷ್ಟಷ್ಟೇ ಅದ್ದಿ ಹಿಚುಕುತ್ತ ಹೋದ. ಕಾಲಿನ ಕಡೆಯ ತುದಿಯಲ್ಲಿ ಸಾಸಿವೆಯಷ್ಟು ಗುಳ್ಳೆಗಳ ಸರ ಎದ್ದಾಗ, ‘ಸಿಕ್ತ ನೋಡ್ರಿ’ ಅಂದ ಅವನ ದನಿಯಲ್ಲಿ ಬಾವಿ ತೋಡುವಾಗ ನೀರು ಕಂಡವರ ಹಿಗ್ಗಿತ್ತು. ಒರೆಸಿ, ಒಣಗಿಸಿ, ಸೊಲ್ಯೂಷನ್ ಬಳಿದು ಕೆಂಪು ರಬ್ಬರಿನ ತುಂಡು ಅಂಟಿಸಿದ. ಊದಿದ ಕೂಡಲೇ ಅದು ಹಪ್ಪಳದಂತೆ ಅಂಚು ಎತ್ತಿ ಬಿದ್ದುಹೋಯಿತು. ಸೈಕಲ್ಲಿನ ಸೊಲ್ಯೂಷನ್ ರಬ್ಬರಿನ ನೆಂಟ, ನೈಲಾನಿನ ಮೇಲಿನ ಪ್ಲಾಸ್ಟಿಕ್ ಲೇಪವನ್ನು ಅದು ಹಚ್ಚಿಕೊಳ್ಳುವುದಿಲ್ಲ. ಕೊನೆಗೆ ಹಾಸಿಗೆಯ ಜೊತೆ ಬಂದಿದ್ದ ಪುಟ್ಟ ತೇಪೆಯನ್ನೇ ಅವನು ಮಚ್ಚೆ ಇಟ್ಟಷ್ಟು ಜೋಪಾನವಾಗಿ ಒತ್ತಿದ. ದುಡ್ಡು ತೆಗೆದುಕೊಳ್ಳಲಿಲ್ಲ. ‘ನನ್ನ ತ್ಯಾಪಿ ನಿಲ್ಲಲಿಲ್ಲಲ್ರಿ.’

ತೇಪೆ ಗಟ್ಟಿಯಾಗಲೆಂದು ಒಂದಿಡೀ ದಿನ ಮಾಳಿಗೆಯ ಮೇಲೆ ಕಲ್ಲು ಹೇರಿಟ್ಟೆ. ಅವ್ವನಿಗೆ ಕಥೆಯೆಲ್ಲ ಹೇಳಿ, ನಿನ್ನ ಕೌದಿಯೇ ವಾಸಿ ಅಂದೆ. ಹೊಗಳಿಕೆಗೆ ಬಾಗುವವಳಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಊರೊಳಗೆ ಬಂದದ್ದನ್ನು ನೆನೆದಳು. ನೀರು ಕುಡಿದ ಕೌದಿಯನ್ನು ಇಬ್ಬರು ಸೇರಿದರೂ ಎತ್ತಲಾಗಲಿಲ್ಲ. ಗೋಡೆಗಳ ಮೇಲೆ, ಕಂಟಿಗಳ ಮೇಲೆ ಊರಿಗೆ ಊರೇ ಹಾಸಿಗೆ ಒಣ ಹಾಕಿತ್ತು. ಕೆಸರಿನ ನಾತ ಹೋಗದೆ ಎಷ್ಟೋ ಕೌದಿಗಳನ್ನು ಎಸೆದರು, ಅದರೊಳಗೆ ಅತ್ತೆಯ ಮದುವೆಯ ಇಳಕಲ್ ಸೀರೆಯೂ ಒಂದು ಪದರವಾಗಿತ್ತು. ‘ಇದಾಗಿದ್ರ ಒರಸಿ ಮಡಚಿಡಬಹುದಿತ್ತು’ ಅಂದಳು, ನನ್ನ ಹಾಸಿಗೆಯ ಮೇಲೆ ಮೊದಲ ಸಲ ಕೈಯಾಡಿಸುತ್ತ.

ಮರುದಿನ ಮಧ್ಯಾಹ್ನ ಊದಿ ನೋಡಿದೆ, ಗಾಳಿ ನಿಂತಿತ್ತು. ಪರೀಕ್ಷೆಗೆಂದು ಬಿಟ್ಟು ಚಹಾ ಕುಡಿದು ಬರುವಷ್ಟರಲ್ಲಿ ಅವ್ವ ಅದರ ಮೇಲೆ ಮಲಗಿದ್ದಳು. ಅಂಗಾತ, ಕೈ ಎದೆಯ ಮೇಲೆ. ನಾನು ಬಂದ ಸದ್ದಿಗೆ ಕಣ್ಣು ತೆರೆಯದೆ, ‘ನಡಕ್ಕ ಚೊಲೊ ಅನಸ್ತೈತಿ’ ಅಂದಳು. ಆಮೇಲೆ ಎದ್ದು ಕುಳಿತು, ಮೊಳ ಹಾಕಿ ಅಳೆಯತೊಡಗಿದಳು. ಉದ್ದ ನಾಲ್ಕು ಮೊಳ, ಅಗಲ ಮೊಳದ ಮೇಲೆ ನಾಲ್ಕು ಬೆರಳು.

‘ಮುಳ್ಳ ಚುಚ್ಚಬಾರದಂದ್ರ ಇದಕ್ಕೊಂದ ಅಂಗಿ ಬೇಕು’ ಅಂದಳು.

ಎಂಟು ದಿನ ಸೂಜಿ-ದಾರ ಓಡಿತು. ಹಳೆಯ ಎರಡು ಸೀರೆ, ನನ್ನದೊಂದು ಪ್ಯಾಂಟು, ನಡುವೆ ಧೋತರದ ಮೂರು ಪದರ, ಅಂಚಿಗೆ ಕೆಂಪು ಪಟ್ಟಿ. ಗಲೀಪಿನ ಹಾಗೆ ಒಂದು ಬದಿ ಬಾಯಿ ಬಿಟ್ಟ ಕೌದಿ. ಹಾಸಿಗೆ ಅದರೊಳಗೆ ಸರಾಗ ಕೂರುತ್ತದೆ. ಹೊರಳಿದರೆ ಚುರುಮುರಿಯ ಸದ್ದಿಲ್ಲ. ಬಾರಿಮುಳ್ಳನ್ನು ತಂದು ಅವ್ವನ ಎದುರಿಗೇ ಒತ್ತಿ ನೋಡಿದೆ, ದಾಟಲಿಲ್ಲ. ಈಗ ಎರಡನ್ನೂ ಸೇರಿಸಿ ಸುತ್ತಿದರೆ ಬೆನ್ನಚೀಲದ ಬಾಯಿ ಮುಚ್ಚುವುದಿಲ್ಲ, ಮೇಲೆ ಹಗ್ಗ ಹಾಕಿ ಬಿಗಿಯಬೇಕು. ಕಿರಾಣಿ ಅಂಗಡಿಯ ತಕ್ಕಡಿಗೆ ಒಯ್ಯುವ ಧೈರ್ಯ ನನಗಿನ್ನೂ ಬಂದಿಲ್ಲ.