ಒಂಟಿ ಹುಟ್ಟು, ಎಲ್ಲರ ಕಡಲು

ಕರ್ನಾಟಕಕ್ಕೆ ಸುಮಾರು 320 ಕಿ.ಮೀ. ಉದ್ದದ ಕರಾವಳಿಯಿದೆ ಎಂಬುದನ್ನು ಶಾಲೆಯ ಪಠ್ಯದಿಂದ ಹಿಡಿದು ಸರ್ಕಾರಿ ವರದಿಗಳವರೆಗೆ ಎಲ್ಲೆಡೆ ಓದುತ್ತೇವೆ. ಆದರೆ ನಮ್ಮಲ್ಲಿ ಬಹುತೇಕರ ಕಡಲ ನಂಟು ಮೊಣಕಾಲು ನೀರಿನಾಚೆಗೆ ಹೋಗುವುದಿಲ್ಲ. ಮೀನುಗಾರರಿಗೆ ಅದು ಅನ್ನ. ಉಳಿದವರಿಗೆ ಸೂರ್ಯಾಸ್ತದ ಹಿನ್ನೆಲೆ. ಈ ಚಿತ್ರ ಈಗ ನಿಧಾನವಾಗಿ ಬದಲಾಗುತ್ತಿದೆ. ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ ಹಿನ್ನೀರಿನಲ್ಲಿ ಕಾಂಡ್ಲಾ ಗಿಡಗಳ ನಡುವೆ ಕಯಾಕ್ ನಡೆಸುವುದು ಪ್ರವಾಸಿಗರಿಗೆ ಪ್ರಿಯವಾಗಿದೆ. ಕೆಲವರು ಸ್ವಂತಕ್ಕೇ ಕಯಾಕ್ ಕೊಳ್ಳುತ್ತಿದ್ದಾರೆ. ಅರವತ್ತು ದಾಟಿದ ಮೇಲೆ ನಾನೂ ಆ ಗುಂಪಿಗೆ ಸೇರಿದ್ದೇನೆ.

ಕಯಾಕ್ ಎಂಬ ಶಬ್ದ ಕಿವಿಗೆ ನಮ್ಮ ‘ಕಾಯಕ’ದಂತೆ ಕೇಳಿಸಿದರೂ ಎರಡಕ್ಕೂ ನಂಟಿಲ್ಲ. ಅದು ಗ್ರೀನ್‌ಲ್ಯಾಂಡ್ ಮುಂತಾದ ಉತ್ತರ ಧ್ರುವದ ಅಂಚಿನ ನಾಡುಗಳಲ್ಲಿ ವಾಸಿಸುವ ಇನ್ಯುಟ್ ಜನರ ಮಾತು. ಕಡಲಲ್ಲಿ ತೇಲಿಬಂದ ಮರ ಅಥವಾ ಮೂಳೆಗಳ ಚೌಕಟ್ಟಿಗೆ ಸೀಲ್ ಪ್ರಾಣಿಯ ಚರ್ಮ ಹೊದಿಸಿ, ಒಬ್ಬ ಬೇಟೆಗಾರನ ಅಳತೆಗೆ ಕಟ್ಟಿದ ದೋಣಿ ಅದು. ನಮಗೆ ಇಂದು ವಿನೋದವಾಗಿರುವುದು ಅವರಿಗೆ ಅಕ್ಷರಶಃ ಕಾಯಕವೇ ಆಗಿತ್ತು.

ನಾನು ಕೊಂಡದ್ದು ಪ್ಲಾಸ್ಟಿಕ್ಕಿನದು. ಉದ್ದ ನಾಲ್ಕೂವರೆ ಮೀಟರ್, ಅಗಲ ಎರಡು ಅಡಿ. ಹಿನ್ನೀರಿನಲ್ಲಿ ಬಾಡಿಗೆಗೆ ಸಿಗುವ ಅಗಲವಾದ ಕಯಾಕ್ ಮಂಚದಂತೆ ಸ್ಥಿರವಾಗಿ ಕೂತಿರುತ್ತದೆ. ಕಡಲ ಕಯಾಕ್ ಹಾಗಲ್ಲ. ಉದ್ದವಾಗಿ, ಕಿರಿದಾಗಿ ಇರುವುದರಿಂದ ನೇರವಾಗಿ, ವೇಗವಾಗಿ ಸಾಗುತ್ತದೆ. ಕೂತವನ ಸೊಂಟ ಅಲುಗಿದರೆ ತಾನೂ ಅಲುಗುತ್ತದೆ. ಮುಂದೂ ಹಿಂದೂ ನೀರು ಹೊಗದ ಮುಚ್ಚಿದ ಗೂಡುಗಳಿರುವುದರಿಂದ ಮಗುಚಿದರೂ ಮುಳುಗುವುದಿಲ್ಲ. ಆದ್ದರಿಂದ ಮೊದಲು ಕಲಿಯಬೇಕಾದದ್ದು ಹುಟ್ಟು ಹಾಕುವುದನ್ನಲ್ಲ, ನೀರಿಗೆ ಬಿದ್ದು ಮತ್ತೆ ಏರುವುದನ್ನು. ಎದೆಮಟ್ಟದ ನೀರಿನಲ್ಲಿ, ದಡದಲ್ಲಿ ಇಬ್ಬರನ್ನು ನಿಲ್ಲಿಸಿಕೊಂಡು, ಬೇಕೆಂದೇ ಹಲವು ಬಾರಿ ಮಗುಚಿ, ಹಿಂಬದಿಯಿಂದ ಹತ್ತಿ ಕುಳಿತುಕೊಳ್ಳುವುದು ಕೈವಶವಾದ ಮೇಲೆಯೇ ಒಬ್ಬನೇ ಹೊರಡಲು ನಿರ್ಧರಿಸಿದೆ.

ಅದಕ್ಕೆ ಆರಿಸಿಕೊಂಡ ಸ್ಥಳ ಉಡುಪಿ ಜಿಲ್ಲೆಯ ಕೋಡಿ ಬೆಂಗ್ರೆ. ಸೀತಾ, ಸ್ವರ್ಣಾ ನದಿಗಳು ಕೂಡಿ ಅರಬ್ಬೀ ಸಮುದ್ರವನ್ನು ಸೇರುವ ಅಳಿವೆಯಿದು. ಕಿರಿದಾದ ನೆಲದ ಪಟ್ಟಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ. ಇಲ್ಲಿ ಗಡಿಯಾರಕ್ಕಿಂತ ಉಬ್ಬರ–ಇಳಿತಗಳ ವೇಳೆಯೇ ಮುಖ್ಯ. ಇಳಿತದ ನಡುಭಾಗದಲ್ಲಿ ಹೊಳೆಯ ನೀರು ಬಿರುಸಿನಿಂದ ಕಡಲಿಗೆ ಓಡುತ್ತದೆ. ಎದುರಿನಿಂದ ಬರುವ ಅಲೆಗಳಿಗೆ ಅದು ಅಡ್ಡಬಂದಾಗ, ಮರಳ ದಿಬ್ಬದ ಮೇಲೆ ಅಲೆಗಳು ಕಡಿದಾಗಿ ಎದ್ದು ಒಡೆಯುತ್ತವೆ. ದಣಿದವನನ್ನು ಪ್ರವಾಹ ಒಯ್ಯುವುದು ಅಲ್ಲಿಗೇ. ಆದ್ದರಿಂದ ಉಬ್ಬರ ತುಂಬಲು ಎರಡು ಗಂಟೆ ಇರುವಾಗ ಹೊರಟು, ಏರುವ ನೀರಿನೊಂದಿಗೆ ಒಳನಾಡಿನತ್ತ ಸಾಗಿ, ಇಳಿತ ಬಿರುಸಾಗುವ ಮುನ್ನ ಮರಳುವ ಲೆಕ್ಕ ಹಾಕಿದೆ. ಡಿಸೆಂಬರ್‌ನ ಬೆಳಗಾದ್ದರಿಂದ ನೆಲದ ಕಡೆಯಿಂದ ಮೆಲುಗಾಳಿಯಿತ್ತು. ಹೊತ್ತೇರಿದಂತೆ ಅದು ದಿಕ್ಕು ಬದಲಿಸಿ ಕಡಲಿನಿಂದ ಬೀಸತೊಡಗುತ್ತದೆ.

ದಡದ ಬಳಿ ಸಣ್ಣ ದೋಣಿಯಲ್ಲಿ ಬಲೆ ಬಿಡುತ್ತಿದ್ದ ಹಿರಿಯರೊಬ್ಬರು ‘ಒಬ್ರೆಯಾ?’ ಎಂದು ವಿಚಾರಿಸಿದರು. ಹೌದೆಂದೆ. ‘ಇಳ್ತಕ್ಕೆ ಅಳಿವೆ ಬದಿಗ್ ಹೋಯ್ಬೇಡಿ ಮಾರ್ರೆ, ನೀರ್ ಎಳ್ಕಂಡ್ ಹೋತ್ತ್’ ಎಂದರು. ನಾನು ಪುಸ್ತಕ ನೋಡಿ ಹಾಕಿದ್ದ ಲೆಕ್ಕವನ್ನು ಅವರು ಒಂದೇ ವಾಕ್ಯದಲ್ಲಿ ಮುಗಿಸಿದ್ದರು.

ಮುಂದಿನ ಎರಡು ಗಂಟೆಗಳ ಸುಖವನ್ನು ಬಣ್ಣಿಸುವುದು ಕಷ್ಟ. ತೋಳಿಗಿಂತ ಸೊಂಟ ತಿರುಗಿಸಿ ಹುಟ್ಟು ಹಾಕಿದರೆ ದಣಿವು ಕಡಿಮೆಯೆಂಬುದು ಹತ್ತು ನಿಮಿಷದಲ್ಲಿ ದೇಹಕ್ಕೆ ತಿಳಿಯುತ್ತದೆ. ಬದಿಯಿಂದ ಗಾಳಿ ಬೀಸಿದಾಗ ಮೂತಿ ಗಾಳಿಯತ್ತಲೇ ಹೊರಳುತ್ತದೆ. ಹಿಂಬದಿಯ ತಳದಲ್ಲಿರುವ ಸಣ್ಣ ರೆಕ್ಕೆಯನ್ನು ನೀರಿಗಿಳಿಸಿದರೆ ಮತ್ತೆ ನೇರವಾಗುತ್ತದೆ. ಎಂಜಿನ್ನಿನ ಸದ್ದಿಲ್ಲದ್ದರಿಂದ ಬೆಳ್ಳಕ್ಕಿಗಳು ಹತ್ತಿರ ಹೋದರೂ ಹಾರುವುದಿಲ್ಲ. ಸ್ವಂತ ಬಲದಿಂದ ನೀರಿನ ಮೇಲೆ ಸಾಗುವುದರಲ್ಲಿ ಈ ವಯಸ್ಸಿನಲ್ಲೂ ಬಾಲಕನ ಸಂತೋಷವಿದೆ.

ಆದರೆ ಮರಳುವಾಗ ಗಮನಿಸಿದ್ದೊಂದು ಸಂಗತಿ ನನ್ನನ್ನು ಚಿಂತೆಗೆ ಹಚ್ಚಿತು. ಆ ಹಿರಿಯರು ಹೋಗಿರಲಿಲ್ಲ. ಬಲೆಯಿಂದ ಆಗಾಗ ತಲೆಯೆತ್ತಿ ನಾನು ಬರುವ ದಿಕ್ಕನ್ನು ನೋಡುತ್ತಿದ್ದರು. ನಾನು ಮರಳದಿದ್ದರೆ ಬಲೆ ಬಿಟ್ಟು ಹುಡುಕಲು ಬರುವವರು ಅವರೇ. ನಾನು ಒಬ್ಬನೇ ಹೋಗಿದ್ದೆನೆಂಬುದು ನನ್ನ ಭಾವನೆ ಮಾತ್ರ. ಅರ್ಥಶಾಸ್ತ್ರದಲ್ಲಿ ‘ಬಾಹ್ಯ ಪರಿಣಾಮ’ವೆಂಬ ಪರಿಕಲ್ಪನೆಯಿದೆ: ಒಬ್ಬನ ವ್ಯವಹಾರದ ವೆಚ್ಚ ಅದಕ್ಕೆ ಸಂಬಂಧವಿಲ್ಲದ ಇನ್ನೊಬ್ಬನ ಮೇಲೆ ಬೀಳುವುದು. ಕಯಾಕಿನ ಬೆಲೆಯನ್ನು ನಾನು ತೆತ್ತಿದ್ದೆ. ನನ್ನ ಅಪಾಯದ ವಿಮೆಯ ಕಂತನ್ನು ತೆರುತ್ತಿದ್ದವರು ಮಾತ್ರ ಅಂದಿನ ಮೀನನ್ನೇ ನಂಬಿದ್ದ ಆ ಮೀನುಗಾರರು.

ಈ ಲೆಕ್ಕ ಚಿಕ್ಕದಲ್ಲ. 2019ರ ಜನವರಿಯಲ್ಲಿ ಕಾರವಾರದ ಬಳಿ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದ ಕಡಲತೀರಕ್ಕೆ ಶೈಕ್ಷಣಿಕ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಇವು ಕಯಾಕಿನ ದುರಂತಗಳಲ್ಲ, ನಿಜ. ಆದರೆ ಕಡಲಿಗೆ ಬರುವವರ ಸಂಖ್ಯೆಗೆ ತಕ್ಕಂತೆ ಕಡಲಿನ ತಿಳಿವಳಿಕೆ ಬೆಳೆದಿಲ್ಲವೆಂಬುದಕ್ಕೆ ಸಾಕ್ಷಿಗಳು.

ಮಾಹಿತಿಗೆ ಕೊರತೆಯಿಲ್ಲ. ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿವರ್ಷ ಉಬ್ಬರ–ಇಳಿತದ ಕೋಷ್ಟಕಗಳನ್ನು ಪ್ರಕಟಿಸುತ್ತದೆ. ಹೈದರಾಬಾದಿನಲ್ಲಿ 1999ರಲ್ಲಿ ಸ್ಥಾಪನೆಯಾದ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಅಲೆ, ಗಾಳಿಗಳ ಮುನ್ಸೂಚನೆ ನೀಡುತ್ತದೆ. ತಟರಕ್ಷಣಾ ಪಡೆಗೆ 1554, ಕರಾವಳಿ ಕಾವಲು ಪೊಲೀಸರಿಗೆ 1093 ಎಂಬ ಸಹಾಯವಾಣಿಗಳಿವೆ. ಇವು ದೋಣಿ ಇಳಿಸುವ ಜಾಗಕ್ಕೆ, ಕನ್ನಡದಲ್ಲಿ, ಆಯಾ ದಿನಕ್ಕೆ ತಲುಪಬೇಕು. ಪ್ರತಿ ಅಳಿವೆಯ ಬಳಿ ಅಂದಿನ ಉಬ್ಬರ–ಇಳಿತದ ವೇಳೆ ಬರೆದ ಒಂದು ಕಪ್ಪುಹಲಗೆಗೆ ಎಷ್ಟು ಖರ್ಚಾದೀತು? ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ತೀರಗಳಿಗೆ 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಮನ್ನಣೆ ದೊರೆಯಿತು. ಅದರ ಷರತ್ತುಗಳಲ್ಲಿ ಶುಚಿತ್ವದೊಂದಿಗೆ ಜೀವರಕ್ಷಣೆಯ ಏರ್ಪಾಡೂ ಸೇರಿದೆ. ಎರಡು ತೀರಗಳಲ್ಲಿ ಸಾಧ್ಯವಾದದ್ದು ಉಳಿದೆಡೆ ಅಸಾಧ್ಯವಾಗಬಾರದು.

ಇನ್ನೊಂದು ಮಾತು ಮೀನುಗಾರರ ಕುರಿತದ್ದು. ಆಪತ್ತಿಗೆ ಮೊದಲು ಧಾವಿಸುವ ಅವರಿಗೆ ನಾವು ಸನ್ಮಾನದ ಶಾಲು ಹೊದಿಸಿ ಸುಮ್ಮನಾಗುತ್ತೇವೆ. ಸುಟ್ಟ ಇಂಧನ, ಕಳೆದುಕೊಂಡ ದಿನದ ದುಡಿಮೆ, ಹರಿದ ಬಲೆ ಇವುಗಳಿಗೆ ಪರಿಹಾರ ನೀಡುವ ಸಣ್ಣ ನಿಧಿಯೊಂದು ಪ್ರತಿ ಕರಾವಳಿ ಜಿಲ್ಲೆಯಲ್ಲಿರಲಿ. ಅದಕ್ಕೆ ಹಣ ಜಲಕ್ರೀಡೆ ನಡೆಸುವವರಿಂದಲೂ ನನ್ನಂತೆ ಸ್ವಂತ ಕಯಾಕ್ ಕೊಳ್ಳುವವರಿಂದಲೂ ಬರಲಿ. ಸುಖ ಪಡುವವನೇ ಅದರ ವೆಚ್ಚವನ್ನೂ ಭರಿಸುವುದು ನ್ಯಾಯ.

ಕೊಳ್ಳುವವರಿಗೂ ಹೊಣೆಯಿದೆ. ಲೈಫ್ ಜಾಕೆಟ್ ಧರಿಸಬೇಕು, ಸೀಟಿ ಜೊತೆಗಿರಬೇಕು, ಹೋಗುವ ದಾರಿ ಮತ್ತು ಮರಳುವ ವೇಳೆಯನ್ನು ದಡದಲ್ಲಿ ಒಬ್ಬರಿಗೆ ತಿಳಿಸಿರಬೇಕು. ನಮ್ಮ ಮಕ್ಕಳು ಕಡಲಿಗೆ ಬೆನ್ನುಮಾಡಿ ಫೋಟೊ ತೆಗೆಸಿಕೊಳ್ಳುವುದಕ್ಕಿಂತ ಅದರ ಮೇಲೆ ಸಾಗುವುದನ್ನು ಕಲಿಯಲಿ ಎಂಬುದೇ ನನ್ನ ಹಾರೈಕೆ. ಆದರೆ ಆ ಕಲಿಕೆಯ ವೆಚ್ಚವನ್ನು ಬಡ ಮೀನುಗಾರನ ಹೆಗಲಿಗೆ ಹೊರಿಸಿ ಅದನ್ನು ಸಾಹಸವೆಂದು ಕರೆಯುವುದು ಬೇಡ.